ಅರ್ಧ ವಾಕ್ಯದ ವಿಮರ್ಶೆ

ದುರ್ಗಾಂಬಿಕಾ ಬಯಸಿದ್ದು ಹೆಚ್ಚೇನೂ ಅಲ್ಲ. ಯಾರಾದರೂ ಒಬ್ಬರು ತನ್ನ ಸಿನಿಮಾ ವಿಮರ್ಶೆ ಕೇಳಿ, “ನೀನು ಹೇಳಿದ್ದು ತಪ್ಪು” ಎಂದು ಜಗಳಕ್ಕೆ ಬರಬೇಕು, ಅಷ್ಟೇ. ಬೇರೆ ವಿಮರ್ಶಕರು ಇಂಥವರಿಗೆ ಹೆದರಿ ತಲೆ ತಪ್ಪಿಸಿಕೊಂಡು ತಿರುಗುತ್ತಾರೆ. ಇವಳು ಅಂಥವರ ದಾರಿ ಕಾಯುತ್ತಿದ್ದಳು. ಯೂಟ್ಯೂಬಿನಲ್ಲಿ ಅವಳ ವಿಮರ್ಶೆಯ ಕೆಳಗೆ ಬರುತ್ತಿದ್ದದ್ದು ಮಾತ್ರ ಹೂವು, ನಮಸ್ಕಾರ, “ದೇವರು ಒಳ್ಳೇದು ಮಾಡ್ಲಿ ತಂಗಿ”. ಮೊಬೈಲು ತನ್ನ ಯಂತ್ರದ ದನಿಯಲ್ಲಿ ಅದನ್ನೆಲ್ಲ ಓದಿ ಹೇಳುತ್ತಿತ್ತು: “ಮುಗಿದ ಕೈಗಳು. ಮುಗಿದ ಕೈಗಳು. ಗುಲಾಬಿ ಹೂವು.” ಸಿನಿಮಾ ಚೆನ್ನಾಗಿದೆ ಎಂದರೂ ಗುಲಾಬಿ, ದಂಡ ಎಂದರೂ ಗುಲಾಬಿ. ಹಾಗಾದರೆ ತಾನು ಬಾಯಿ ಬಿಡುವುದಾದರೂ ಯಾಕೆ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಊರು ಜಗಳೂರಿನ ಕಡೆಯ ಒಂದು ಹಳ್ಳಿ. ಅಕ್ಕ ನಾಗರತ್ನ ಚನ್ನಗಿರಿಯ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ ಮೇಲೆ ಇವಳೂ ಅಕ್ಕನ ಜೊತೆಗೇ ಬಂದು, ಅಲ್ಲೇ ಬಿ.ಎ. ಮುಗಿಸಿದ್ದಳು. ಆ ವರ್ಷ ದಾವಣಗೆರೆಯಲ್ಲಿ ಯಾವುದೋ ಸಂಸ್ಥೆಯವರು ಕಣ್ಣು ಕಾಣದ, ಕಿವಿ ಕೇಳದ ಯುವಕ ಯುವತಿಯರಿಗಾಗಿ ಸಿನಿಮಾ ವಿಮರ್ಶೆಯ ಶಿಬಿರ ನಡೆಸಿದರು. ಕಲಿಸಲು ಬಂದ ರಘುನಾಥ ಮೇಷ್ಟ್ರು ಕಾಣದವರೊಬ್ಬರು, ಕೇಳದವರೊಬ್ಬರು ಎಂದು ಜೋಡಿ ಮಾಡಿ ಕೂರಿಸಿ, “ನೀವು ಹೇಳೋ ಸಿನಿಮಾನ ಬೇರೆ ಯಾರೂ ಹೇಳೋಕೆ ಆಗಲ್ಲ” ಎಂದರು. ಆ ಮಾತನ್ನು ಅವಳು ಗಂಟು ಕಟ್ಟಿಟ್ಟುಕೊಂಡಳು. ಕೊನೆಯ ದಿನ ಸರ್ಟಿಫಿಕೇಟು ಕೊಟ್ಟರು, ಫೋಟೋ ಹೊಡೆದರು, ಪೇಪರಿನಲ್ಲಿ ಹಾಕಿಸಿದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಶಿಬಿರಕ್ಕೆ ಬಂದಿದ್ದ ಹೊನ್ನಾಳಿಯ ನೇತ್ರಾವತಿಗೆ ಮದುವೆಯಾಯಿತು. ನ್ಯಾಮತಿಯಿಂದ ಬಂದಿದ್ದ ಜೋಡಿ ಹೊಟ್ಟೆಪಾಡು ನೋಡಿಕೊಂಡಿತು. ಮೇಷ್ಟ್ರ ಫೋನು ಮೊದಮೊದಲು ಬಿಜಿ ಬರುತ್ತಿತ್ತು, ಆಮೇಲೆ ಅದೂ ಇಲ್ಲ. ಪಟ್ಟು ಬಿಡದೆ ಉಳಿದವರು ದುರ್ಗಾಂಬಿಕಾ ಮತ್ತು ಅವಳ ಜೋಡಿ ಸಿದ್ದೇಶ್ ಮಾತ್ರ.

ಸಿದ್ದೇಶ್ ಚನ್ನಗಿರಿಯವನೇ. ಶಾಲೆಗೆ ಹೋಗುತ್ತಿದ್ದಾಗ ಬಂದ ಜ್ವರ ಅವನ ಕಿವಿಯನ್ನು ಪೂರ್ತಿ ತಿಂದು ಹಾಕಿತ್ತು. ಮಾತು ಉಳಿದಿತ್ತು, ಆದರೆ ಅದರ ಲಗಾಮು ಅವನ ಕೈಯಲ್ಲಿರಲಿಲ್ಲ. ಪಿಸುಗುಟ್ಟುತ್ತೇನೆ ಎಂದುಕೊಂಡು ಅವನು ಆಡುವ ಮಾತು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ಅವನ ಕೆಲಸ. ಹುಟ್ಟುಹಬ್ಬದ ಶುಭಾಶಯ, ಸತ್ತವರಿಗೆ ಶ್ರದ್ಧಾಂಜಲಿ, ಗೆದ್ದವರಿಗೆ ಅಭಿನಂದನೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚು ಹಾಕುತ್ತಿದ್ದ.

ಇಬ್ಬರೂ ಸಿನಿಮಾ ನೋಡುವ ಚೆಂದವೇ ಬೇರೆ. ಪರದೆಯ ಮೇಲೆ ಆಗುವುದನ್ನು ಅವನು ಅವಳ ಕಿವಿಯಲ್ಲಿ ಹೇಳಬೇಕು. ಕತ್ತಲಲ್ಲಿ ಅವಳ ತುಟಿ ಅವನಿಗೆ ಕಾಣದು. ಹಾಗಾಗಿ ಮಾತು, ಹಾಡು, ಸದ್ದನ್ನೆಲ್ಲ ಅವಳು ಅವನ ಅಂಗೈಯಲ್ಲಿ ಬೆರಳಿನಿಂದ ಬರೆಯಬೇಕು. ಇದಕ್ಕೆಂದೇ ಅವಳು ಅವನಿಂದ ಕನ್ನಡದ ಅಕ್ಷರಗಳ ಆಕಾರ ಕಲಿತಿದ್ದಳು. ಅವಳ ಒತ್ತಕ್ಷರ ಮಾತ್ರ ಯಾವಾಗಲೂ ಎಲ್ಲೋ ಹೋಗಿ ಕೂರುತ್ತಿತ್ತು. “ಈಗ ಅವನು ಬಾಗ್ಲು ಒದ್ದ!” ಎಂದು ಸಿದ್ದೇಶ್ ಕೂಗಿದರೆ ಹಿಂದಿನ ಸಾಲಿನವರು, “ಲೇಯ್, ಮುಚ್ಕೊಂಡು ಕುಂತ್ಕಳಲೇ!” ಎನ್ನುತ್ತಿದ್ದರು. ಅದು ಅವನಿಗೆ ಕೇಳುತ್ತಿರಲಿಲ್ಲ. ದುರ್ಗಾಂಬಿಕಾ ತೊಡೆ ಚಿವುಟಿದಾಗ ದನಿ ಇಳಿಸುತ್ತಿದ್ದ. ಆ ಬೈಗುಳ ಅವಳಿಗೆ ಒಳಗೊಳಗೇ ಹಿತವಾಗಿತ್ತು. ಅಲ್ಲಿ ಯಾರೂ ಗುಲಾಬಿ ಕೊಡುತ್ತಿರಲಿಲ್ಲವಲ್ಲ.

ಹೀಗಿರುವಾಗ ಆ ಸಿನಿಮಾ ಬಂತು. ಅದರ ನಾಯಕಿ ಕುರುಡಿ. ಸಿಕ್ಕವರ ಮುಖವನ್ನೆಲ್ಲ ಸವರಿ ಗುರುತು ಹಿಡಿಯುತ್ತಾಳೆ, ಹೂವಿನ ತೋಟದಲ್ಲಿ ಎಡವಿ ನಾಯಕನ ಎದೆಗೇ ಸರಿಯಾಗಿ ಬೀಳುತ್ತಾಳೆ, ಕೊನೆಗೆ ಆಪರೇಷನ್ ಆಗಿ ಕಣ್ಣು ಬಿಟ್ಟು ಮೊದಲು ಅವನನ್ನೇ ನೋಡುತ್ತಾಳೆ. ಥಿಯೇಟರಿನಲ್ಲಿ ಜನ ಮೂಗು ಸೀಟುತ್ತಿದ್ದರೆ ದುರ್ಗಾಂಬಿಕಾ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಮರುದಿನ ಸಿದ್ದೇಶನ ಮೊಬೈಲಿನ ಮುಂದೆ ಕೂತು, ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಕಾರಿಕೊಂಡಳು.

“ಈ ಸಿನಿಮಾ ನೋಡಿ ನನಗೆ ಅಳು ಬಂತು, ಇಂಥದ್ದನ್ನೂ ಸಿನಿಮಾ ಅಂತಾರಲ್ಲ ಅಂತ. ನಾನು ಇವತ್ತಿನವರೆಗೆ ಯಾರ ಮುಖಾನೂ ಸವರಿಲ್ಲ. ಸವರಾಕೆ ಹೋದ್ರೆ ಜನ ಕಪಾಳಕ್ಕೆ ಬಿಡ್ತಾರೆ. ಕಣ್ಣು ಬಂದ್ರೇನೇ ಕಥೆ ಮುಗಿಯೋದು ಅಂದ್ರೆ, ಕಣ್ಣು ಬರದೇ ಇರೋ ನಮ್ಮ ಕಥೆ ಏನ್ರೀ?”

ಈ ವಿಮರ್ಶೆಗೆ ಹೊನ್ನಾಳಿಯ ಪರಶುರಾಮ್ ಎಂಬುವನೊಬ್ಬ ಉತ್ತರ ಬರೆದ. ಮೊಬೈಲು ಓದಿತು: “ನಿನಗೇನು ಗೊತ್ತು ಸಿನಿಮಾ ಅಂದ್ರೆ? ಹೀರೋಯಿನ್ ಎಷ್ಟು ಕಷ್ಟಪಟ್ಟು ಆಕ್ಟ್ ಮಾಡ್ಯಾಳೆ. ನೀನು ಹೇಳಿದ್ದು ಪೂರ್ತಿ ತಪ್ಪು.” ದುರ್ಗಾಂಬಿಕಾ ಅದನ್ನು ಮತ್ತೆ ಮತ್ತೆ ಓದಿಸಿದಳು. ಅಕ್ಕನನ್ನು ಅಡುಗೆಮನೆಯಿಂದ ಎಳೆದು ತಂದು ಕೇಳಿಸಿದಳು. “ಬೈದಿದಾನಲ್ಲೇ!” ಎಂದು ನಾಗರತ್ನ ಗಾಬರಿಯಾದರೆ, ಇವಳು, “ಹೂಂ ಅಕ್ಕ, ಬೈದಾನೆ!” ಎಂದು ಕುಣಿದಾಡಿಬಿಟ್ಟಳು. ಅಂದು ಅವಳಿಗಾದ ಖುಷಿ ಬಿ.ಎ. ಪಾಸಾದಾಗಲೂ ಆಗಿರಲಿಲ್ಲ. ಅವನಿಗೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸುತ್ತ, ಅಕ್ಕನ ಜೊತೆ ಊರಿನ ಒಂದು ಮದುವೆಗೆ ಹೊರಟಳು.

ಮದುವೆ ಮನೆಯಲ್ಲಿ ದುರ್ಗಾಂಬಿಕಾ ಹೋಳಿಗೆಯ ಕಣಕ ನಾದುತ್ತ ಕೂತಿದ್ದಾಗ ಸಿದ್ದೇಶನ ವಿಡಿಯೋ ಕರೆ ಬಂತು. ಎಂದಿನಂತೆ ಮೆಸೇಜು ಕಳಿಸೋಣವೆಂದರೆ ಮೊಳಕೈ ತನಕ ಹಿಟ್ಟು, ಎಣ್ಣೆ. ನಾಗರತ್ನ ಮೊಬೈಲನ್ನು ತಂಗಿಯ ಮುಖದ ಮುಂದೆ ಹಿಡಿದಳು.

“ದುರ್ಗಾ, ಥಿಯೇಟ್ರು ಮ್ಯಾನೇಜರ್ ನಾಗರಾಜಣ್ಣ ಇಲ್ಲೇ ನಿಂತಾರೆ,” ಎಂದು ಸಿದ್ದೇಶ್ ಮದುವೆ ಮನೆಗೆಲ್ಲ ಕೇಳುವಂತೆ ಕೂಗಿದ. “ನಿನ್ನ ಮಾತು ಫ್ಲೆಕ್ಸಿಗೆ ಹಾಕ್ತಾರಂತೆ. ಫೋಟೋನೂ ಹಾಕ್ತಾರೆ. ‘ಈ ಸಿನಿಮಾ ನೋಡಿ ನನಗೆ ಅಳು ಬಂತು’. ಅಷ್ಟೇ, ಮುಂದಿಂದು ಬ್ಯಾಡಂತೆ. ಪ್ರಿಂಟ್ ಹಾಕ್ಲಾ?”

ದುರ್ಗಾಂಬಿಕಾಗೆ ರಕ್ತ ತಲೆಗೇರಿತು. “ಬೇಡ!” ಎಂದು ಕಿರುಚಿದಳು. ಕಿರುಚಿದರೂ ಅವನಿಗೆ ಕೇಳದೆಂಬುದು ನೆನಪಾಗಿ, ಮುಖವನ್ನು ಮೊಬೈಲಿಗೆ ಇನ್ನಷ್ಟು ಹತ್ತಿರ ತಂದು, “ಬೇಡ, ಬೇಡ” ಎಂದು ಬಾಯಿ ಅಗಲಿಸಿ ಹೇಳಿದಳು.

“ಆತು!” ಎಂದು ಅವನು ಕರೆ ಮುಗಿಸಿದ.

“ಹೆಬ್ಬೆಟ್ಟು ಎತ್ತಿ ತೋರಿಸ್ದ ಬಿಡೇ. ಅರ್ಥ ಆಗೈತೆ,” ಎಂದಳು ನಾಗರತ್ನ. ದುರ್ಗಾಂಬಿಕಾ ಸಮಾಧಾನದ ಉಸಿರು ಬಿಟ್ಟು ಮತ್ತೆ ಕಣಕಕ್ಕೆ ಕೈ ಹಾಕಿದಳು.

ಚನ್ನಗಿರಿಗೆ ವಾಪಸಾಗಿ ಬಸ್ಸಿಳಿದ ಕೂಡಲೇ ನಾಗರತ್ನ ನಿಂತುಬಿಟ್ಟಳು. “ಅಯ್ಯೋ, ನೀನೇ ಕಣೇ! ಎಷ್ಟು ದೊಡ್ಡದಾಗಿ ಹಾಕ್ಯಾರೆ!” ಎಂದು ಫ್ಲೆಕ್ಸಿನ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದಳು: “ಈ ಸಿನಿಮಾ ನೋಡಿ ನನಗೆ ಅಳು ಬಂತು. ಅಂಧ ಯುವತಿ ದುರ್ಗಾಂಬಿಕಾ. ಕಣ್ಣಿಲ್ಲದವರೂ ಮೆಚ್ಚಿದ ಚಿತ್ರ.” ಪಕ್ಕದಲ್ಲಿದ್ದ ಯಾರೋ, “ಇವಳೇ ಅಲ್ವಾ ಆ ಹುಡ್ಗಿ?” ಎಂದರು. ದುರ್ಗಾಂಬಿಕಾ ಅಕ್ಕನ ಕೈ ಬಿಡಿಸಿಕೊಂಡು, ಗೋಡೆ ಸವರುತ್ತ ನೇರ ಫ್ಲೆಕ್ಸ್ ಅಂಗಡಿಗೆ ನಡೆದಳು.

ಸಿದ್ದೇಶ್ ನಗುನಗುತ್ತಲೇ ಬಂದ. ಅವಳು ಅವನ ಅಂಗೈ ಎಳೆದುಕೊಂಡು ಉಗುರು ಒತ್ತುವಂತೆ ಬರೆದಳು: ಬೇಡ ಅಂದೆ.

ಅವನು ಅಂಗೈಯನ್ನು ಹತ್ತಿರ ತಂದು ನೋಡಿಕೊಂಡ. “ನೀನು... ಬೇಗ ಅಂದೆ,” ಎಂದ. “ಬೇಗ, ಬೇಗ ಅಂದೆ. ನಾನು ನೋಡ್ದೆ.”

ಬೇಡ, ಬೇಗ. ದುರ್ಗಾಂಬಿಕಾ ತನ್ನ ತುಟಿಯ ಮೇಲೆ ಬೆರಳಿಟ್ಟು ಎರಡನ್ನೂ ಹೇಳಿ ನೋಡಿಕೊಂಡಳು. ತುಟಿ ಎರಡಕ್ಕೂ ಒಂದೇ ಥರ ಕೂಡಿ ಬಿಡುತ್ತಿತ್ತು. ಬೇರೆಯಾಗುತ್ತಿದ್ದದ್ದು ಒಳಗೆ ನಾಲಿಗೆಯಲ್ಲಿ, ಯಾರಿಗೂ ಕಾಣದ ಕಡೆ. ಕಣ್ಣಿದ್ದವನ ಮುಂದೆ ಮಾತು ಇಷ್ಟು ಸುಲಭವಾಗಿ ತಲೆಕೆಳಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಅರ್ಧ ಹಾಕಿದ್ರೆ ಅರ್ಥ ಕೆಡ್ತೈತೆ ಅಂತ ನಂಗೂ ಅನ್ನಿಸ್ತು,” ಎಂದ ಸಿದ್ದೇಶ್. “ಆದ್ರೆ ನಿನ್ನ ಹೆಸ್ರು ಅಷ್ಟು ದೊಡ್ಡದಾಗಿ ಬರ್ತೈತಲ್ಲ ಅಂತ ಆಸೆ ಆತು. ಬೇಗ ಅಂದ್ಲಲ್ಲ, ಅವಳಿಗೂ ಆಸೆ ಐತೆ ಅಂದ್ಕಂಡೆ.” ಫ್ಲೆಕ್ಸುಗಳು ಆಗಲೇ ಹೊನ್ನಾಳಿ, ನ್ಯಾಮತಿ, ಜಗಳೂರಿಗೂ ಹೋಗಿದ್ದವು. ಅವನು ಓಡಿಹೋಗಿ ಬಸ್‌ಸ್ಟ್ಯಾಂಡಿನದನ್ನು ಹರಿಯಲು ನೋಡಿದಾಗ ನಾಗರಾಜಣ್ಣನ ಕಡೆಯವರು ತಡೆದು ಕಳಿಸಿದರು. ಮೂರು ದಿನ ಅವನಿಗೆ ಊಟ ಸೇರಲಿಲ್ಲವೆಂದು ಅವನ ತಾಯಿ ಅಂಜಮ್ಮ ಬಂದು ಹೇಳಿಹೋದಳು.

ಮದುವೆಯಿಂದ ವಾಪಸಾದ ರಾತ್ರಿಯೇ ಹೊನ್ನಾಳಿಯ ಪರಶುರಾಮ್ ಮತ್ತೊಮ್ಮೆ ಬರೆದಿದ್ದ: “ಸಾರಿ ಮೇಡಂ. ನಿಮಗೆ ಸಿನಿಮಾ ಇಷ್ಟ ಆಗಿದೆ ಅಂತ ಫ್ಲೆಕ್ಸ್ ನೋಡಿ ಗೊತ್ತಾಯ್ತು. ನಿಮ್ಮಂಥವರಿಗೆ ಹಂಗೆ ಬೈಬಾರದಿತ್ತು.” ಅದರ ಹಿಂದೆಯೇ ಮೊಬೈಲು ಒಂದು ಗುಲಾಬಿಯನ್ನೂ ಓದಿತು. ದುರ್ಗಾಂಬಿಕಾ ಉದ್ದದ ಉತ್ತರ ಬರೆದಳು. ಅವನು ಅದಕ್ಕೆ ಕೈಮುಗಿದ.

ಭಾನುವಾರ ಮ್ಯಾಟಿನಿಯ ಇಂಟರ್ವೆಲ್‌ನಲ್ಲಿ ಸನ್ಮಾನ ಮಾಡುತ್ತೇವೆಂದು ನಾಗರಾಜಣ್ಣ ಹೇಳಿ ಕಳಿಸಿದ. ಹೋಗಬೇಡವೆಂದು ಅಕ್ಕ ಎಷ್ಟು ಹೇಳಿದರೂ ದುರ್ಗಾಂಬಿಕಾ ಕೇಳಲಿಲ್ಲ. ಅವಳಿಗೆ ಶಾಲು ಬೇಕಿರಲಿಲ್ಲ, ಮೈಕು ಬೇಕಿತ್ತು. ತುಂಬಿದ ಥಿಯೇಟರಿನಲ್ಲಿ, ಆ ಸಿನಿಮಾ ನೋಡುತ್ತಿರುವವರ ಮುಂದೆಯೇ ಉಳಿದರ್ಧ ವಾಕ್ಯ ಹೇಳಿಬಿಟ್ಟರೆ ಸಾಕು. ಜನ ಕೂಗಾಡಲಿ, ಕಡಲೆಕಾಯಿ ಸಿಪ್ಪೆ ಎಸೆಯಲಿ. ತಪ್ಪು ತನ್ನದೇ ಎಂದು ಸಿದ್ದೇಶನೂ ಜೊತೆಗೆ ಹೊರಟ.

ಪರದೆಯ ಮುಂದಿನ ಕಟ್ಟೆ ಹತ್ತಿಸಿ ಅವಳಿಗೆ ಶಾಲು ಹೊದಿಸಿದರು. ದುರ್ಗಾಂಬಿಕಾ ಮೈಕು ಹಿಡಿದುಕೊಂಡಳು.

“ಫ್ಲೆಕ್ಸಿನಾಗೆ ನನ್ನ ಮಾತು ಅರ್ಧ ಹಾಕ್ಯಾರೆ. ಪೂರ್ತಿ ಹೇಳ್ತೀನಿ ಕೇಳ್ರಿ. ಈ ಸಿನಿಮಾ ನೋಡಿ ನನಗೆ ಅಳು ಬಂತು, ಇಂಥದ್ದನ್ನೂ ಸಿನಿಮಾ ಅಂತಾರಲ್ಲ ಅಂತ! ಇದು ಸುಳ್ಳು ಸಿನಿಮಾ. ನಾವ್ಯಾರೂ ಹಿಂಗಿರಲ್ಲ. ನಿಮಗೆ ನನ್ನ ಮಾತು ತಪ್ಪು ಅನ್ನಿಸಿದ್ರೆ ಎದ್ದು ನಿಂತು ಬೈರಿ. ನಾನು ಉತ್ತರ ಕೊಡಾಕೇ ಬಂದಿರೋದು.”

ಚಪ್ಪಾಳೆ ಶುರುವಾಯಿತು. ಮುಂದಿನ ಸಾಲಿನಿಂದ ಹಿಂದಕ್ಕೆ, ಅಲ್ಲಿಂದ ಬಾಲ್ಕನಿಗೆ ಹತ್ತಿತು. ಯಾರೋ ಶಿಳ್ಳೆ ಹಾಕಿದರು. “ನೋಡ್ರಿ, ಕಣ್ಣಿಲ್ಲದಿದ್ರೂ ಎಷ್ಟು ಚೆನ್ನಾಗಿ ಮಾತಾಡಿದ್ರು!” ಎಂದು ನಾಗರಾಜಣ್ಣ ಮೈಕು ಈಸಿಕೊಂಡ. ಅವನ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. “ಇನ್ನೊಂದ್ಸಲ ಜೋರಾಗಿ ಚಪ್ಪಾಳೆ ಬರ್ಲಿ.”

ಕಟ್ಟೆ ಇಳಿಯುವಾಗ ಒಬ್ಬ ಹೆಂಗಸು ಬಂದು ಅವಳ ಗಲ್ಲ ಹಿಡಿದಳು. ಹೆಂಗಸಿನ ಕೈ ಕಣ್ಣೀರಿನಿಂದ ಒದ್ದೆಯಾಗಿತ್ತು. “ಹಂಗೆಲ್ಲ ಬೇಜಾರು ಮಾಡ್ಕಬ್ಯಾಡ ಮಗಳೇ. ಆ ಹೀರೋಯಿನ್ನಿಗೆ ಬಂದಂಗೆ ನಿಂಗೂ ಕಣ್ಣು ಬರ್ತಾವೆ,” ಎಂದಳು.

ದುರ್ಗಾಂಬಿಕಾಗೆ ಏನೋ ಹೇಳಬೇಕೆನ್ನಿಸಿತು. ಯಾರಿಗೆ ಹೇಳುವುದು? ಇವರ ಮುಂದೆ ಏನು ಹೇಳಿದರೂ ಒಂದೇ, ಸುಮ್ಮನಿದ್ದರೂ ಒಂದೇ. ತಾನು ಇನ್ನೊಂದು ವಿಮರ್ಶೆ ಮಾಡುವುದಿಲ್ಲ ಎಂಬುದು ಅಲ್ಲಿ ನಿಂತಲ್ಲೇ ಅವಳಿಗೆ ಗೊತ್ತಾಯಿತು. ದುಃಖಕ್ಕಿಂತ ಸುಸ್ತು ಹೆಚ್ಚಾಗಿತ್ತು.

ಅಷ್ಟರಲ್ಲಿ ಸಿದ್ದೇಶ್ ಅವಳ ತೋಳು ಹಿಡಿದುಕೊಂಡ. “ಎಲ್ಲಾ ಎದ್ದು ನಿಂತು ಚಪ್ಪಾಳೆ ಹೊಡೀತಾವ್ರೆ ದುರ್ಗಾ! ಬಾಲ್ಕನಿಯೋರೂ ನಿಂತಾವ್ರೆ! ಒಬ್ಬಮ್ಮ ಅಳ್ತಾ ಐದಾಳೆ!” ಎಂದು ಥಿಯೇಟರೆಲ್ಲ ಕೇಳುವಂತೆ ಕೂಗಿದ. ಈ ಸಲ ಯಾರೂ ಅವನನ್ನು ಬೈಯಲಿಲ್ಲ. “ನಿನ್ನ ಮಾತು ಎಲ್ರಿಗೂ ಅರ್ಥ ಆತಲ್ವಾ? ನಾನು ಮಾಡಿದ್ದು ಸರಿಹೋತಲ್ವಾ?”

ಉತ್ತರಕ್ಕಾಗಿ ಅವನು ಅಂಗೈ ಚಾಚಿದ್ದ. ದುರ್ಗಾಂಬಿಕಾ ಅದನ್ನು ತಡವಿ ಹಿಡಿದು, ಓದುವಾಗ ಅವನಿಗೆ ತಪ್ಪಾಗದಂತೆ, ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಬರೆದಳು: ಹೌದು.