ಹೆಬ್ಬೆರಳು ಒತ್ತಿದ ಜಾಗ

ಮೇಸ್ತ್ರಿ ಒಂದು ಸಲ ‘ಹೂಂ’ ಎಂದಿದ್ದರೆ ಆ ಮದುವೆ ಯಾವತ್ತೋ ನಿಶ್ಚಯವಾಗುತ್ತಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಹುಡುಗ ಕ್ರೇನ್ ಓಡಿಸುತ್ತಾನೆಂದು ಕೇಳಿದ ಹುಡುಗಿಯ ಅಮ್ಮ, “ಸದ್ಯ, ನಮ್ಮನೆ ಬೀರು ಎತ್ತಿಡೋಕೆ ಒಬ್ಬ ಸಿಕ್ಕಿದ” ಎಂದು ನಕ್ಕು ಒಪ್ಪಿಬಿಟ್ಟಿದ್ದಳು. ಅಡ್ಡ ಕೂತಿದ್ದವನು ಹುಡುಗನ ಅಪ್ಪನಾದ ಈ ಮೇಸ್ತ್ರಿ. ಕೇಳಿದಾಗೆಲ್ಲ ಅವನದು ಒಂದೇ ಮಾತು. “ಈ ಪೈಪು ಮಣ್ಣಿಗೆ ಇಳೀಲಿ. ಆಮೇಲೆ ಹೇಳ್ತೀನಿ.”

ಪೈಪು ಮಣ್ಣಿಗೆ ಇಳಿಯಬೇಕಾದರೆ ಹುಡುಗಿಯೇ ಸೈ ಅನ್ನಬೇಕು. ತಮಾಷೆ ಇದ್ದದ್ದೇ ಅಲ್ಲಿ.

ಪೈಪ್‌ಲೈನಿನ ಕೆಲಸದಲ್ಲಿ ಎಲ್ಲರೂ ಅವಳನ್ನು ಕಿಡಿ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಕಿಡಿ. ನೆಲದೊಳಗೆ ಹೋಗುವ ಉಕ್ಕಿನ ಪೈಪುಗಳಿಗೆ ತುಕ್ಕು ಹಿಡಿಯದಂತೆ ಕಾಯುವುದು ಅವಳ ಕೆಲಸ. “ಅದಕ್ಕೆ ಅಷ್ಟು ವರ್ಷ ಓದ್ಬೇಕಿತ್ತೇನೇ? ಬಾಣಲೆಗೆ ನಾನು ಎಣ್ಣೆ ಸವರಿಡಲ್ವಾ?” ಎಂದು ಅಮ್ಮ ಕೇಳಿದಾಗ, “ಎಲ್ಲಿ ಸವರಿಲ್ಲ ಅಂತ ಹುಡುಕೋಕೆ ಓದಿದ್ದು, ಅಮ್ಮ” ಎಂದಿದ್ದಳು. ಹೆಗಲಿಗೆ ಬ್ಯಾಟರಿ ಪೆಟ್ಟಿಗೆ, ಕೈಯಲ್ಲಿ ಕೋಲು, ಕೋಲಿನ ತುದಿಗೆ ಪೈಪನ್ನು ಸುತ್ತಿಕೊಳ್ಳುವ ಸ್ಪ್ರಿಂಗು. ಅದನ್ನು ಉರುಳಿಸಿಕೊಂಡು ಹೋಗುವಾಗ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಚಟ್ ಎಂದು ಕಿಡಿ ಹಾರಿ ಪೆಟ್ಟಿಗೆ ಕಿರುಚುತ್ತದೆ. ಆ ಜಾಗಕ್ಕೆ ಅವಳು ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕುತ್ತಾಳೆ. ಸುತ್ತು ಬಿದ್ದ ಪೈಪು ಅದಕ್ಕೆಂದು ತೋಡಿದ ಕಾಲುವೆಗೆ ಇಳಿಯುವಂತಿಲ್ಲ.

ಮೇಸ್ತ್ರಿಯದು ಪೈಪಿಗೆ ಬಟ್ಟೆ ತೊಡಿಸುವ ಕೆಲಸ. ಪೈಪುಗಳೆಲ್ಲ ಕಾರ್ಖಾನೆಯಿಂದ ಹೊದಿಕೆ ಹೊದ್ದುಕೊಂಡೇ ಬರುತ್ತವೆ, ತುದಿಗಳು ಮಾತ್ರ ಬೆತ್ತಲೆ. ವೆಲ್ಡಿಂಗ್ ಆದಮೇಲೆ ಆ ಬೆತ್ತಲೆ ಜಾಯಿಂಟನ್ನು ಉಜ್ಜಿ, ಬಿಸಿ ಮಾಡಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಬೆಂಕಿ ತೋರಿಸಿ ಮೈಗಂಟಿಸಬೇಕು. ಮೇಸ್ತ್ರಿ ಅದನ್ನು ಕೂಸಿಗೆ ಅಂಗಿ ಹಾಕುವಷ್ಟು ನಾಜೂಕಾಗಿ ಮಾಡುತ್ತಿದ್ದ. ಕೊನೆಯಲ್ಲಿ, ಪಟ್ಟಿಯ ಅಂಚು ಇನ್ನೂ ಬಿಸಿಯಿರುವಾಗಲೇ ಕೈಗವಸು ತೆಗೆದು ಹೆಬ್ಬೆರಳಿನಿಂದ ಒಮ್ಮೆ ಬಲವಾಗಿ ಒತ್ತುತ್ತಿದ್ದ. ಒಳಗಿನ ಗಾಳಿ ಹೊರಗೆ ಹೋಗಬೇಕಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ದಪ್ಪನೆಯ ಡಾಂಬರು ಪಟ್ಟಿಯ ಕಾಲದಲ್ಲಿ, ಅವನ ಗುರು ಕಲಿಸಿದ್ದು ಅದು. ಅವನ ಜಾಯಿಂಟಿಗೆ ಈವರೆಗೆ ಸುತ್ತು ಬಿದ್ದದ್ದೇ ಇಲ್ಲ ಎಂಬುದು ಲೈನಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ.

ಮೇಸ್ತ್ರಿಯ ಭಾಗವನ್ನು ಪರೀಕ್ಷಿಸಲು ತನ್ನನ್ನೇ ಹಾಕಿದ್ದಾರೆಂದು ತಿಳಿದಾಗ ಕಿಡಿ ನೇರ ಎಂಜಿನಿಯರ್ ಹತ್ತಿರ ಹೋದಳು.

“ಸರ್, ಬೇರೆಯವರನ್ನ ಹಾಕಿ. ಅವರು ನಮಗೆ ಸಂಬಂಧ ಆಗೋರು.”

“ಆಗೋರು ತಾನೇ? ಆಗಿಲ್ವಲ್ಲ. ಒಪ್ಪಿಗೆ ಸಿಕ್ಕಿದ ದಿನ ಬಾ, ಬದಲಾಯಿಸ್ತೀನಿ” ಎಂದು ಎಂಜಿನಿಯರ್ ಚಹಾ ಕುಡಿಯತೊಡಗಿದ.

ಸರಿ, ಕಿಡಿ ಪೆಟ್ಟಿಗೆ ಹೆಗಲಿಗೇರಿಸಿದಳು. ಕಾಲುವೆಯುದ್ದಕ್ಕೂ ಪೈಪು ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಕ್ರೇನಿನ ಹುಡುಗ ಮೇಲೆ ಕೂತಿದ್ದ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಇವಳು. ಅತ್ತ ದರಿ ಇತ್ತ ಪುಲಿ ಎನ್ನುವುದು ಅವನ ಮುಖದ ಮೇಲೇ ಕಾಣುತ್ತಿತ್ತು.

ಮೊದಲನೇ ಜಾಯಿಂಟಿನಲ್ಲೇ ಚಟ್ ಎಂದಿತು. ಅದೂ ಪೈಪಿನ ಹೊಟ್ಟೆಯಡಿ, ಯಾರ ಕಣ್ಣೂ ಹೋಗದ ಕಡೆ. ಕಿಡಿ ಜಲ್ಲಿಯ ಮೇಲೆ ಅಂಗಾತ ಮಲಗಿ ಹುಡುಕಿ ಸುತ್ತು ಹಾಕಿದಳು. ಎದ್ದು ನೋಡಿದರೆ ಮೇಸ್ತ್ರಿಯ ಮೀಸೆ ಅದುರುತ್ತಿತ್ತು. ಸಿಟ್ಟು ನೆತ್ತಿಗೇರಿದೆ ಎಂದುಕೊಂಡಳು. ಆದರೂ ಸ್ಪ್ರಿಂಗು ಉರುಳಿಸಿದಳು. ಅದೇ ಜಾಯಿಂಟಿನ ಮೇಲ್ಭಾಗದಲ್ಲಿ, ಪಟ್ಟಿಯ ಅಂಚಿನ ಹತ್ತಿರ, ಮತ್ತೆ ಚಟ್. ಮುಂದಿನದರಲ್ಲೂ ಅಂಚಿನಲ್ಲೇ ಚಟ್. ಅದರ ಮುಂದಿನದರಲ್ಲೂ ಅಷ್ಟೆ.

“ಮಿಶಿನ್ ಕೆಟ್ಟಿರ್ಬೇಕು” ಎಂದ ಮೇಸ್ತ್ರಿ.

ಕಿಡಿ ಹೋಗಿ ಪಕ್ಕದ ತಂಡದ ಜಾಯಿಂಟಿನ ಮೇಲೆ ಸ್ಪ್ರಿಂಗು ಉರುಳಿಸಿ ತೋರಿಸಿದಳು. ಪೆಟ್ಟಿಗೆ ಉಸಿರೆತ್ತಲಿಲ್ಲ. ತಿರುಗಿ ಬಂದು ಸುತ್ತು ಬಿದ್ದ ಜಾಗವನ್ನು ಬೆರಳಿನಿಂದ ಸವರಿದಳು. ಅಲ್ಲೊಂದು ಸಣ್ಣ ತಗ್ಗು. ತನ್ನ ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂತಿತು, ಸುತ್ತ ಇನ್ನಷ್ಟು ಜಾಗವೂ ಉಳಿಯಿತು. ಅವಳಿಗೆ ಎಲ್ಲವೂ ಅರ್ಥವಾಯಿತು, ಅರ್ಥವಾದದ್ದಕ್ಕೆ ಸಂಕಟವೂ ಆಯಿತು.

“ಮೇಸ್ತ್ರಿ, ಕೊನೇಲಿ ನೀವು ಹೆಬ್ಬೆರಳು ಒತ್ತುತ್ತೀರಲ್ಲ, ಕಿಡಿ ಬರ್ತಿರೋದು ಅಲ್ಲೇ. ಈ ಸಲ ಬಂದಿರೋ ಹೊಸ ಪಟ್ಟಿ ತೆಳು. ಬಿಸೀಲಿ ಒತ್ತಿದ್ರೆ ಒಳಗಿನ ಅಂಟೆಲ್ಲ ಪಕ್ಕಕ್ಕೆ ಸರಿದುಬಿಡುತ್ತೆ.”

ಕೆಲಸದವರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಮೇಸ್ತ್ರಿ ತನ್ನ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಜೇಬಿನೊಳಗೆ ಇಟ್ಟುಕೊಂಡ, ಹೊರಟುಹೋದ.

ಕ್ರೇನಿನ ಹುಡುಗ ಇಳಿದು ಬಂದ. “ಒಂದೆರಡಾದ್ರೂ ಬಿಡಬಹುದಿತ್ತಲ್ವಾ?”

“ಯಾವುದನ್ನ ಬಿಡಲಿ, ನೀನೇ ಹೇಳು. ಬಿಟ್ಟದ್ದೇ ತಾನೇ ಆಮೇಲೆ ಸೋರೋದು?”

ಅವನು ಪೈಪನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ ತಲೆ ಕೆರೆದುಕೊಂಡ. “ಅದೂ ನಿಜಾನೇ” ಎಂದ. ಈ ಹುಡುಗನನ್ನು ಬಿಟ್ಟು ಬೇರೆ ಯಾರನ್ನೂ ಕಟ್ಟಿಕೊಳ್ಳಲಾರೆ ಎಂದು ಅವಳಿಗೆ ಅನ್ನಿಸಿದ್ದು ಆಗಲೇ, ಅದೂ ಎಂಥ ಹೊತ್ತಿನಲ್ಲಿ ನೋಡಿ.

ಮನೆಯಲ್ಲಿ ಅಮ್ಮ ತಲೆ ಚಚ್ಚಿಕೊಂಡಳು. “ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ಯಲ್ಲೇ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳ್ಬೇಕಾ?”

“ಸಂಬಳ ಕೊಡೋದೇ ಅದಕ್ಕೆ” ಎಂದು ಕಿಡಿ ಈರುಳ್ಳಿ ಹೆಚ್ಚಲು ಕೂತಳು. ಅಳುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ. ಹೊಟ್ಟೆತುಂಬ ಅತ್ತಳು, ಬೇಕಾದ್ದಕ್ಕಿಂತ ಹೆಚ್ಚೇ ಈರುಳ್ಳಿ ಹೆಚ್ಚಿದಳು.

ಮರುದಿನ ಅವಳು ಲೈನಿಗೆ ಹೋಗುವಷ್ಟರಲ್ಲಿ ಮೇಸ್ತ್ರಿಯ ತಂಡ ಆಗಲೇ ಬೆವರು ಸುರಿಸುತ್ತಿತ್ತು. ಹಳೆಯ ಪಟ್ಟಿಗಳೆಲ್ಲ ಸುಲಿದು ಬಿದ್ದಿದ್ದವು. ಮೇಸ್ತ್ರಿ ಅಂಚಿನ ಮೇಲೆ ಪುಟ್ಟ ರೋಲರ್ ಓಡಿಸುತ್ತಿದ್ದ. ಹಳೇ ಅಭ್ಯಾಸ ಎಲ್ಲಿ ನುಗ್ಗಿಬಿಡುತ್ತದೋ ಎಂದು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಅವಳನ್ನು ಕಂಡವನೇ ಸುಲಿದ ಪಟ್ಟಿಯ ತುಂಡೊಂದನ್ನು ಬಿಸಿಲಿಗೆ ಹಿಡಿದ. ಬೆರಳು ಒತ್ತಿದ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಬೆಳಕು ಬಿಡುತ್ತಿತ್ತು.

“ನೀನು ಹೇಳಿದ್ದು ಸುಳ್ಳು ಅಂತ ತೋರಿಸೋಕೇ ಇದನ್ನ ಕುಯ್ದೆ” ಎಂದ. “ಉರುಳಿಸು, ನೋಡೋಣ.”

ಜಾಯಿಂಟುಗಳು ತಣಿದ ಮೇಲೆ ಕಿಡಿ ಸ್ಪ್ರಿಂಗು ಉರುಳಿಸಿದಳು. ತಂಡವೆಲ್ಲ ಹಿಂದೆ ಹಿಂದೆ ನಡೆಯಿತು. ಒಂದೂ ಚಟ್ ಎನ್ನಲಿಲ್ಲ. ಕೊನೆಯದನ್ನೂ ದಾಟಿ, “ಇಳಿಸಬಹುದು” ಎಂದಾಗ ಯಾರೋ ಶಿಳ್ಳೆ ಹೊಡೆದರು. ಮೇಸ್ತ್ರಿ ಮಾತ್ರ ಕೈಯೆತ್ತಿ ಕ್ರೇನನ್ನು ತಡೆದ.

“ಒಂದು ಮಾತಿದೆ. ನಿನ್ನೆ ಮೊದಲು ಸಿಕ್ತಲ್ಲ, ಹೊಟ್ಟೆಯಡೀದು, ಅದನ್ನ ನಾನೇ ಸೂಜೀಲಿ ಚುಚ್ಚಿದ್ದು.”

ಕಿಡಿ ಕಣ್ಣು ಕಣ್ಣು ಬಿಟ್ಟಳು.

“ನಿನ್ನನ್ನ ಇಲ್ಲಿಗೆ ಹಾಕ್ಸಿದ್ದೂ ನಾನೇ. ಮಾವ ಆಗೋನು ಅಂತ ಕಣ್ಣು ಮುಚ್ಕೋತೀಯಾ ನೋಡೋಣ ಅಂತ. ನೀನು ಜಲ್ಲೀಲಿ ಬಿದ್ದು ಹುಡುಕಿದ್ಯಲ್ಲ, ನಗು ತಡ್ಕೊಳ್ಳೋಕೆ ಆಗ್ಲಿಲ್ಲ ನಂಗೆ. ಒಪ್ಪಿಗೆ ನಾಲಿಗೆ ತುದೀಲೇ ಇತ್ತು. ಅಷ್ಟರಲ್ಲಿ ನಾನು ಚುಚ್ಚದೇ ಇದ್ದವೆಲ್ಲ ಚಟ್ ಚಟ್ ಅನ್ನೋಕೆ ಶುರುವಾದವು. ನಾಚಿಕೆ ಆಯ್ತಮ್ಮ. ಅದಕ್ಕೇ ಹೊರಟುಹೋದೆ.”

ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಮನುಷ್ಯನನ್ನು ಲೈನಿನವರು ಸುಮ್ಮನೆ ಬಿಡುತ್ತಾರೆಯೇ? ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯೂ ಅವರ ಜೊತೆ ಸೇರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಮುಖ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದ.

“ಒಪ್ಪಿಗೆ ಕೊಡೋ ಯೋಗ್ಯತೆ ಈಗ ನಂಗೆಲ್ಲಿದೆ? ನಾನೇ ಕೇಳ್ಬೇಕು. ನಮ್ಮನೇಲೂ ನಮ್ಮ ಕಣ್ಣಿಗೆ ಬೀಳದ ತೂತು ಬೇಕಾದಷ್ಟಿರುತ್ತೆ. ಬರ್ತೀಯಾ?”

ಕಿಡಿ ತಲೆಯೆತ್ತಿ ನೋಡಿದಳು. ಮೇಲೆ ಕ್ರೇನಿನಲ್ಲಿ ಹುಡುಗ ಲಿವರ್ ಹಿಡಿದವನು ಹಿಡಿದ ಹಾಗೇ ಕೂತಿದ್ದ.

“ಮೊದಲು ಪೈಪು ಇಳೀಲಿ, ಮಾವ” ಎಂದಳು.

ಕ್ರೇನು ಗುರ್ ಎಂದಿತು. ಹುಡುಗ ಆ ಪೈಪನ್ನು ಇಳಿಸಿದಷ್ಟು ಮೆಲ್ಲಗೆ ಯಾವ ಪೈಪನ್ನೂ ಇಳಿಸಿರಲಿಲ್ಲ.