ಕೈ ಕೊಡುವ ಮೇಷ್ಟ್ರು

ಪೇಟೆಯ ನಡುವಿನ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಂಟೆ ಒಂದೇ, ಮನೆಮಾತು ಮಾತ್ರ ಬೆಂಚಿಗೊಂದು. ಕಟ್ಟಡ ಕಟ್ಟುವವರ ಮಕ್ಕಳು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಕ್ಕಳು, ಎಲ್ಲೆಲ್ಲಿಂದಲೋ ಗಂಟು ಕಟ್ಟಿಕೊಂಡು ಬಂದವರ ಮಕ್ಕಳು. ನಲ್ಲಿಯ ಹತ್ತಿರ ಜಗಳವಾದರೆ, ಬೈದವನು ಯಾವ ಭಾಷೆಯಲ್ಲಿ ಬೈದನೆಂದು ಪತ್ತೆಯಾಗುವಷ್ಟರಲ್ಲಿ ಇಬ್ಬರೂ ರಾಜಿಯಾಗಿರುತ್ತಿದ್ದರು.

ಇವರಿಗೆಲ್ಲ ಇಲ್ಲಿನ ಮಾತು ಬಂದದ್ದು ರಿಪೇರಿ ಮೇಷ್ಟ್ರ ಬಾಯಿಂದ. ಹಿತ್ತಲ ಶೆಡ್ಡಿನಲ್ಲಿ ಫ್ಯಾನು, ಮಿಕ್ಸಿ, ನೀರಿನ ಮೋಟರು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರು ಬಾಯಿ ಮುಚ್ಚಿ ಕೂತ ಜೀವವೇ ಅಲ್ಲ. ಭಾರ ಎತ್ತುವಾಗಲೆಲ್ಲ “ಬಾರಮ್ಮ, ಒಂದು ಕೈ ಕೊಡು” ಎನ್ನುವರು. ಮಕ್ಕಳು ಎತ್ತುತ್ತಿದ್ದರೆ “ಇರ್ರೋ, ನಾನೂ ಕೈ ಕೊಡ್ತೀನಿ” ಎಂದು ಓಡಿಬರುವರು. ಹೀಗಾಗಿ ಆ ಮಕ್ಕಳ ಪಾಲಿಗೆ ಕೈ ಕೊಡುವುದೆಂದರೆ ನೆರವಾಗುವುದು, ಅಷ್ಟೇ. ನಂಬಿದವರನ್ನು ನಡುನೀರಿನಲ್ಲಿ ಬಿಟ್ಟು ಹೋಗುವುದಕ್ಕೂ ಅದೇ ಮಾತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಆ ಶೆಡ್ಡಿಗೇ ಬೀಗ ಬೀಳುವ ಹೊತ್ತು ಬಂದಿತ್ತು. ಹಗಲು ಕಾಲೇಜು ಸೇರಿದವರಷ್ಟೇ ಮೇಲಿನ ಕಚೇರಿಯ ಕಣ್ಣಿಗೆ ಫಲಿತಾಂಶ. ಕೆಲಸಕ್ಕೆ ಸೇರಿದವರು ‘ಓದು ಬಿಟ್ಟವರು’. ರಿಪೇರಿ ತರಗತಿಯವರು ಬಹುಪಾಲು ಓದು ಬಿಟ್ಟವರೇ. ತರಗತಿಯನ್ನು ಮುಚ್ಚಬೇಕೋ ಬೇಡವೋ ನೋಡಲು ಅಧಿಕಾರಿ ಮೇಡಂ ಬಂದಿದ್ದರು. ಅವರು ಬ್ಯಾಗನ್ನು ಹೆಗಲಿನಿಂದ ಕೆಳಗಿಳಿಸದೇ ಇದ್ದದ್ದನ್ನು ಮೇಷ್ಟ್ರು ಗಮನಿಸಿದರು. ನಿಂತಕಾಲಲ್ಲೇ ಹೊರಡುವವರು!

“ನಿಮ್ಮ ಪುರಾಣ ಬಿಚ್ಚಬೇಡಿ ಮೇಷ್ಟ್ರೇ,” ಎಂದು ಹೆಡ್ ಮೇಡಂ ಪಿಸುಗುಟ್ಟಿದರು.

ಅಧಿಕಾರಿ ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು. ಅವಳಿಗೆ ಶಾಲೆಯಲ್ಲಿ ವಟವಟ ಎಂದೇ ಹೆಸರು.

“ಏನಮ್ಮಾ, ನಿಮ್ಮ ಮೇಷ್ಟ್ರು ಹೇಗೆ?”

“ತುಂಬಾ ಕೈ ಕೊಡ್ತಾರೆ ಮೇಡಂ!”

ಅಧಿಕಾರಿಯ ಹುಬ್ಬು ಮೇಲೇರಿತು. “ಯಾರಿಗೆ?”

“ಎಲ್ರಿಗೂ. ನಮ್ಮಣ್ಣನಿಗೆ ಪರೀಕ್ಷೆ ದಿನಾನೂ ಕೈ ಕೊಟ್ರು.”

“ಮೇಡಂ, ಅದು ಹಾಗಲ್ಲ...” ಎಂದು ಮೇಷ್ಟ್ರು ಮುಂದೆ ಬಂದರು.

“ನೀವು ಸುಮ್ನಿರಿ! ಮಕ್ಕಳ ಬಾಯಿ ಕಟ್ಟಬೇಡಿ.” ಅಧಿಕಾರಿ ಬ್ಯಾಗನ್ನು ಕೆಳಗಿಟ್ಟು ಸ್ಟೂಲೆಳೆದು ಕೂತರು. ಹೊಗಳಿಕೆಯಾಗಿದ್ದರೆ ಬಾಗಿಲಲ್ಲೇ ಕೇಳಿ ಹೋಗುತ್ತಿದ್ದರೋ ಏನೋ. ದೂರು ಎಂದಮೇಲೆ ಪೂರ್ತಿ ಕೇಳಲೇಬೇಕಲ್ಲ. “ಕೈ ಕೊಟ್ಟಮೇಲೆ ನಿಮ್ಮಣ್ಣನ ಗತಿ ಏನಾಯ್ತು, ಪುಟ್ಟಿ?”

“ಬಸ್ಸು ತಪ್ಪಿದ್ರೂ ಟೈಮಿಗೆ ತಲುಪ್ದ, ಪಾಸಾದ. ಲಿಫ್ಟ್ ಕಂಪನೀಲಿ ಕೆಲಸ ಸಿಕ್ತು. ಸಂಜೆ ಕಾಲೇಜಿಗೂ ಹೋಗ್ತಾನೆ.”

ಅಧಿಕಾರಿ ಕಣ್ಣು ಪಿಳಿಪಿಳಿ ಬಿಟ್ಟರು. ಹಿಂದಿನಿಂದ ಇನ್ನೊಬ್ಬ ಕೈ ಎತ್ತಿದ. “ನಮ್ಮಕ್ಕನಿಗೂ ಕೈ ಕೊಟ್ರು ಮೇಡಂ! ಆಸ್ಪತ್ರೇಲಿ ಜನರೇಟರ್ ನೋಡ್ಕೊಳ್ತಾಳೆ.” “ನಮ್ಮ ಚಿಕ್ಕಪ್ಪನಿಗೂ! ಸ್ವಂತ ಅಂಗಡಿ ಇಟ್ಟವ್ರೆ!” ಶೆಡ್ಡೆಲ್ಲ ಗಲಾಟೆ. ಮೇಷ್ಟ್ರು ಯಾರ್‍ಯಾರಿಗೆ ಕೈ ಕೊಟ್ಟರೆಂದು ಹೇಳಲು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಹೆಡ್ ಮೇಡಂ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದರು. ಅವರ ಹೆಗಲು ಕುಲುಕುತ್ತಿತ್ತು.

ಅಧಿಕಾರಿಗೆ ವಿಷಯ ತಲೆಗೆ ಹೋಗಿದ್ದೇ ತಡ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, “ನಾವು ಓದು ಬಿಟ್ಟವರು ಅಂತ ಬರೆದಿರೋದು ಇವರನ್ನೇನಾ?” ಎಂದರು.

“ಇವರನ್ನೇ ಮೇಡಂ,” ಎಂದರು ಮೇಷ್ಟ್ರು. ಜೀವಮಾನದಲ್ಲೇ ಅಷ್ಟು ಚಿಕ್ಕ ಉತ್ತರ ಅವರ ಬಾಯಿಂದ ಬಂದಿರಲಿಲ್ಲ.

“ತರಗತಿ ನಡೀಲಿ. ಕೆಲಸದಲ್ಲಿರೋರನ್ನೂ ಸೇರಿಸಿ ವರದಿ ಮಾಡ್ತೀನಿ. ಆದ್ರೆ ಮೇಷ್ಟ್ರೇ, ಮೋಟರ್ ಜೊತೆ ಈ ಮಕ್ಕಳ ಮಾತನ್ನೂ ಒಂಚೂರು ರಿಪೇರಿ ಮಾಡಿ.”

ಕಾರು ಗೇಟು ದಾಟಿದ ಕೂಡಲೇ ಮೇಷ್ಟ್ರು ಉಸಿರು ಬಿಟ್ಟು, ಮಕ್ಕಳನ್ನು ಕೂರಿಸಿಕೊಂಡು ಆ ಮಾತಿನ ಇನ್ನೊಂದು ಅರ್ಥ ಬಿಡಿಸಿ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ವಟವಟ ಮಾತ್ರ ಬಿಳಿಚಿಕೊಂಡು ಎದ್ದು ನಿಂತಳು.

“ಅಯ್ಯೋ ಮೇಷ್ಟ್ರೇ! ನಮ್ಮಣ್ಣ ನಿನ್ನೆ ಹೆಣ್ಣು ನೋಡೋಕೆ ಹೋಗಿ, ಹುಡುಗಿ ಅಪ್ಪನ ಮುಂದೆ ಕೂತು, ‘ನಿಮ್ಮ ಮಗಳಿಗೆ ಜೀವನಪೂರ್ತಿ ಕೈ ಕೊಡ್ತೀನಿ ಮಾವ’ ಅಂದ್ಬಿಟ್ಟಿದಾನೆ!”

“ಅವರೇನಂದ್ರು?”

“ಎದ್ದು ಬಾಗಿಲು ತೆಗೆದು, ಹೊರಗೆ ದಾರಿ ತೋರಿಸಿದ್ರಂತೆ.”

ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು. “ನಡಿಯಮ್ಮ, ಆ ಮಾವನ ಮನೆ ಎಲ್ಲಿದೆ ತೋರಿಸು.”