ಸಾಂತಾನಿಗೆ ಗೊತ್ತಿತ್ತು

ಅತ್ತೆಯ ಕುತ್ತಿಗೆ ಗಿಡ್ಡ. ದವಡೆ ಒಳಕ್ಕೆ ಸರಿದಿದೆ. ಬಾಯಿ ಎಷ್ಟು ತೆರೆದರೂ ಮೂರು ಬೆರಳು ತೂರಲಾರವು. ಇಂಥ ಗಂಟಲಿಗೆ ಉಸಿರಿನ ಕೊಳವೆ ಇಳಿಸುವಷ್ಟರಲ್ಲಿ ಇಳಿಸುವವರ ಉಸಿರೇ ನಿಂತುಹೋಗುತ್ತದೆ ಎಂದು ಅವಳು ಯೋಚಿಸುತ್ತಿರುವಾಗ ಅತ್ತೆ ಸೂಪಿನ ಚಮಚ ಕೆಳಗಿಟ್ಟರು.

"ಏನು ಡಾಕ್ಟರಮ್ಮ, ನನ್ನ ಮುಖಕ್ಕೆ ಏನಾದ್ರೂ ಅಂಟ್ಕೊಂಡಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಹಾಗೆ ನೋಡ್ತಿದ್ದೀಯ?"

"ಸುಮ್ನೆ."

ಹದಿನಾಲ್ಕು ವರ್ಷದಿಂದ ಜನರ ಎಚ್ಚರ ತಪ್ಪಿಸುವುದೇ ಅವಳ ಕೆಲಸ. ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಟ್ಟು, ತಲೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಹೊಲಿಗೆ ಮುಗಿಯುವ ತನಕ ಅವರ ಉಸಿರನ್ನು ಕಾಯಬೇಕು. ಯಾರನ್ನು ಕಂಡರೂ ಅವಳಿಗೆ ಮೊದಲು ಕಾಣುವುದು ಕುತ್ತಿಗೆ, ಆಮೇಲೆ ದವಡೆ, ಕೊನೆಗೆ ಮನುಷ್ಯ. ಗುಣವಾದವರು ಕೊಯ್ದವನಿಗೆ ಹೂಗುಚ್ಛ ತರುತ್ತಾರೆ. ಅವಳನ್ನು ಕಾರಿಡಾರಿನಲ್ಲಿ ಕಂಡರೆ, ಲಿಫ್ಟ್ ಎಲ್ಲಿದೆ ಎಂದು ಕೇಳುತ್ತಾರೆ. ಅವಳಿಗೆ ಆ ಕೆಲಸದಲ್ಲಿ ಹಿಡಿಸಿದ್ದೇ ಅದು.

ಈಗ ಅವಳು ಕೂತಿದ್ದದ್ದು ಥೀಮ್ ಪಾರ್ಕಿನ ಊಟದ ಹಾಲಿನಲ್ಲಿ. ಗೋಡೆಗಳಿಗೆ ಥರ್ಮೋಕೋಲಿನ ಹಿಮ, ಮೂಲೆಯಲ್ಲಿ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ, ಐವತ್ತು ದುಂಡು ಮೇಜು, ಪ್ರತಿ ಮೇಜಿಗೊಂದು ಕುಟುಂಬ. 'ಸಾಂತಾನ ಜೊತೆ ಮನೆಮಂದಿಯ ಊಟ' ಎಂದು ಬಾಗಿಲಲ್ಲಿ ಬರೆದಿತ್ತು. ಊಟ ಸಂಜೆ ಐದೂವರೆಗೆ, ಯಾರಿಗೂ ಹಸಿವಿಲ್ಲದ ಹೊತ್ತಿಗೆ. ಛಾವಣಿಯ ಮೇಲೆಯೇ ರೋಲರ್ ಕೋಸ್ಟರಿನ ಹಳಿ ಹಾದುಹೋಗಿತ್ತು. ನಾಲ್ಕು ನಿಮಿಷಕ್ಕೊಮ್ಮೆ ಒಂದು ಗಾಡಿ ತುಂಬ ಜನ ಕಿರುಚಿಕೊಂಡು ತಲೆಯ ಮೇಲೆ ಹೋಗುತ್ತಿದ್ದರು. ಆಗ ಐವತ್ತು ಮೇಜಿನವರೂ ಮಾತು ನಿಲ್ಲಿಸಿ, ಕಿರುಚಾಟ ದಾಟಿದ ಮೇಲೆ ಬಿಟ್ಟ ಕಡೆಯಿಂದ ಮುಂದುವರಿಸುತ್ತಿದ್ದರು.

ಬುಕ್ ಮಾಡಿದ್ದು ನಾದಿನಿ. ಪ್ರೈಮರಿ ಶಾಲೆಯ ಟೀಚರು, ಎಲ್ಲವನ್ನೂ ಮೂರು ತಿಂಗಳು ಮೊದಲೇ ಮಾಡಿಡುವವಳು. ಅವಳ ಪಕ್ಕದಲ್ಲಿ ಅವಳ ಗಂಡ, ಟೈರ್ ಅಂಗಡಿಯವನು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಇನ್ನೊಂದು ಪಕ್ಕದಲ್ಲಿ ಏಳು ವರ್ಷದ ಚುಕ್ಕಿ. ಚುಕ್ಕಿಯ ತಟ್ಟೆಯಲ್ಲಿದ್ದ ಕೋಳಿಯನ್ನು ನಾದಿನಿ ಸಣ್ಣಗೆ ಬಿಡಿಸಿಡುತ್ತಿದ್ದಳು. ಚುಕ್ಕಿಯ ತಾಯಿ ಮೇಜಿನ ಈಚೆ, ಅತ್ತೆಗೂ ಗಂಡನಿಗೂ ನಡುವೆ. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ಜಾರಿ, ನಡುವೆ ಎರಡು ಗಂಟೆ ಕಣ್ಣು ಮುಚ್ಚಿ, ಆಸ್ಪತ್ರೆಯಿಂದ ನೇರ ಇಲ್ಲಿಗೆ ಟ್ಯಾಕ್ಸಿಯಲ್ಲಿ ಬಂದಿದ್ದಳು. ಅಷ್ಟರಲ್ಲಿ ಎಲ್ಲರೂ ಕೂತಾಗಿತ್ತು. ಉಳಿದಿದ್ದ ಕುರ್ಚಿ ಅದೊಂದೇ.

"ನೀವು ಬರ್ತೀರೋ ಇಲ್ವೋ ಅಂತ ಅನುಮಾನ ಇತ್ತು ಅತ್ತಿಗೆ," ಎಂದಳು ನಾದಿನಿ.

"ಅರ್ಧ ದಿನ ರಜೆ ಹಾಕಿ ಬಂದೆ."

"ಓ. ಇಂಥದ್ದಕ್ಕೂ ರಜೆ ಕೊಡ್ತಾರಾ?"

ಟೈರ್ ಅಂಗಡಿಯವನು ನಕ್ಕ. ಗಂಡ ಫೋನಿನಿಂದ ತಲೆಯೆತ್ತಿ, ಯಾವ ಕಡೆಗೆ ನಗಬೇಕು ಎಂದು ಗೊತ್ತಾಗದೆ ಮತ್ತೆ ತಗ್ಗಿಸಿದ. ಅವನು ವಕೀಲ. ಕೋರ್ಟಿನಲ್ಲಿ ಬಾಯಿ ಬಡಿದುಕೊಂಡು ಮನೆಯವರ ಮುಂದೆ ಮೌನವ್ರತ ಹಿಡಿಯುವ ಜಾತಿ.

"ಅಮ್ಮಾ," ಎಂದಳು ಚುಕ್ಕಿ, "ಸಾಂತಾನಿಗೂ ಇಂಜೆಕ್ಷನ್ ಕೊಟ್ಟು ಮಲಗಿಸ್ತೀಯಾ?"

"ಮೊದಲು ಗಡ್ಡ ಬೋಳಿಸ್ಬೇಕು. ಗಡ್ಡ ಇದ್ರೆ ಮುಖಕ್ಕೆ ಮಾಸ್ಕ್ ಕೂರಲ್ಲ, ಗಾಳಿ ಸೋರತ್ತೆ."

ಚುಕ್ಕಿ ಕಣ್ಣರಳಿಸಿದಳು. ಇನ್ನೇನೋ ಕೇಳುವವಳಿದ್ದಳು.

"ಊಟದ ಹೊತ್ತಲ್ಲಿ ಅದೆಲ್ಲ ಯಾಕೆ ಅತ್ತಿಗೆ," ಎಂದು ನಾದಿನಿ ಚುಕ್ಕಿಯ ಬಾಯಿಗೆ ಒಂದು ತುಂಡು ಇಟ್ಟಳು.

ಆ ಮೇಜಿನಲ್ಲಿ ಅತ್ತೆಯರು ಇಬ್ಬರು, ತಾಯಿಗೊಬ್ಬಳು, ಮಗಳಿಗೊಬ್ಬಳು. ಮಗಳು ತನ್ನ ಪಾಲಿನ ಅತ್ತೆಯ ತೋಳಿಗೆ ಒರಗಿ ಅಗಿಯುತ್ತಿದ್ದಳು. ಹಂಚಿಕೆಯಲ್ಲಿ ಮೋಸವಾಗಿದೆ ಎಂದು ತಾಯಿಗೆ ಆಗಾಗ ಅನಿಸುತ್ತಿತ್ತು.

ಗಂಟೆ ಬಾರಿಸಿತು. ಸಾಂತಾ ಬಂದ. ಮೇಜಿಗೆ ಮೂರು ನಿಮಿಷ. ಹಸಿರು ಟೊಪ್ಪಿಯ ಹೆಂಗಸೊಬ್ಬಳು ಮುಂದೆ ನಡೆದು, ಮೇಜಿನ ನಂಬರು ನೋಡಿ, ಅವನ ಕೈಗೊಂದು ಕಾರ್ಡು ಕೊಡುತ್ತಿದ್ದಳು. ಹತ್ತಿರ ಬಂದಾಗ ಅವನು ಕಡ್ಡಿಯಂಥ ಮನುಷ್ಯನೆಂದು ಗೊತ್ತಾಯಿತು. ಹೊಟ್ಟೆಗೆ ಕಟ್ಟಿದ ದಿಂಬು ಎಡಕ್ಕೆ ಜಾರಿತ್ತು. ಹತ್ತಿಯ ಗಡ್ಡದ ಕೆಳಗೆ ಕುತ್ತಿಗೆ ಉದ್ದ, ಸುಲಭದ ಕುತ್ತಿಗೆ.

"ಇಲ್ಲಿ ಚುಕ್ಕಿ ಅಂದ್ರೆ ಯಾರಪ್ಪಾ," ಎಂದ ಅವನು, ಕಾರ್ಡನ್ನು ಕಣ್ಣಿನಿಂದ ದೂರ ಹಿಡಿದು. "ನಿನ್ನ ವಿಷಯ ನಂಗೆಲ್ಲ ಗೊತ್ತು. ಈ ವರ್ಷ ನಿಂದೊಂದು ಹಲ್ಲು ಬಿತ್ತು. ಹೌದೋ ಅಲ್ವೋ?"

ಚುಕ್ಕಿ ಬಾಯಿ ತೆರೆದು ತೋರಿಸಿದಳು.

"ನೀನು ಈಜೋದೂ ಕಲಿತೆ. ಕೊಳದ ಆ ದಡ ಮುಟ್ಟಿದೆ."

ಈಜಿನ ಸಂಗತಿ ತಾಯಿಗೆ ಗೊತ್ತಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ಸೂಪಿನ ತಳ ಕೆರೆಯುತ್ತಿದ್ದ.

"ಇನ್ನು ದೊಡ್ಡ ಸುದ್ದಿ," ಸಾಂತಾ ಮುಂದಿನ ಸಾಲಿಗೆ ಇಳಿದ. "ಹೊಸ ವರ್ಷಕ್ಕೆ ಹೊಸ ಮನೆ, ಹೊಸ ಸ್ಕೂಲು. ಇನ್ಮೇಲೆ ಅತ್ತೆ ಮನೇಲೇ ಇರೋದು. ಹಳದಿ ಗೋಡೆಯ ರೂಮು, ಪೂರ್ತಿ ನಿಂದೇ. ನಂಗೂ ದಾರಿ ಗೊತ್ತಾಯ್ತು ಬಿಡು, ಮುಂದಿನ ಸಲ ಉಡುಗೊರೆ ಅಲ್ಲಿಗೇ ತರ್ತೀನಿ."

ತಲೆಯ ಮೇಲೆ ಗಾಡಿ ಬಂತು. ಜನ ಕಿರುಚಿದರು. ಇಡೀ ಹಾಲು ಬಾಯಿ ಮುಚ್ಚಿಕೊಂಡು ಕಾಯಿತು.

ಅಷ್ಟು ಹೊತ್ತಿನಲ್ಲಿ ಅವಳಿಗೆ ಮೊದಲು ಬಂದದ್ದು ಕೋಪವಲ್ಲ. ಖಾಲಿ ಮನೆಯೊಂದು ಕಣ್ಣಿಗೆ ಕಟ್ಟಿತು. ಪರದೆ ಎಳೆದ ಕೋಣೆ, ಮಡಿಕೆ ಬಿಚ್ಚದ ಹಾಸಿಗೆ. ಅಮ್ಮಾ ಎಂದು ಕರೆಯುವವರಿಲ್ಲ. ಬೆಳಗ್ಗೆ ಏಳಕ್ಕೆ ಜಡೆ ಇಲ್ಲ, ಡಬ್ಬಿ ಇಲ್ಲ, ಒಂಟಿ ಕಾಲುಚೀಲಕ್ಕೆ ಹುಡುಕಾಟವಿಲ್ಲ. ಮೈಯ ಗಂಟೆಲ್ಲ ಒಮ್ಮೆಲೇ ಸಡಿಲವಾದಂತಾಯಿತು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಆಮೇಲೆ ಕೋಪ ಬಂತು, ಮದುವೆ ಮುಗಿದ ಮೇಲೆ ಬಂದು ಎಲ್ಲರಿಗಿಂತ ಜೋರಾಗಿ ಮಾತಾಡುವ ನೆಂಟನ ಹಾಗೆ.

ಅವಳು ಮುಖವೆತ್ತಿದಾಗ ಎದುರಿನಿಂದ ಚುಕ್ಕಿ ಅವಳನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

"ಚುಕ್ಕಿ ಅಮ್ಮ, ಫೋಟೋಗೆ ಸ್ವಲ್ಪ ಹತ್ರ ಬನ್ನಿ," ಎಂದ ಸಾಂತಾ, ನಾದಿನಿಗೆ.

ಯಾರೂ ತಿದ್ದಲಿಲ್ಲ. ತಾಯಿಯೂ ತಿದ್ದಲಿಲ್ಲ. ನಾದಿನಿ ಒಂದು ಕ್ಷಣ ಅನುಮಾನಿಸಿ, ಸರಿದು ಕೂತಳು. ಹಸಿರು ಟೊಪ್ಪಿಯವಳು ನಾದಿನಿಯ ಫೋನಿನಲ್ಲಿ ಫೋಟೋ ತೆಗೆದಳು. ಗಂಟೆ ಬಾರಿಸಿತು. ಸಾಂತಾ ಪಕ್ಕದ ಮೇಜಿಗೆ ಹೋದ.

"ಏನಿದು?" ಎಂದಳು ಅವಳು.

"ಇನ್ನೂ ಏನೂ ಫೈನಲ್ ಆಗಿಲ್ಲ," ಎಂದ ಗಂಡ.

"ಗೋಡೆಗೆ ಬಣ್ಣ ಹೊಡೆದಾಗಿದೆ."

"ಬಣ್ಣ ಬೇರೆ, ಫೈನಲ್ ಬೇರೆ."

"ನಂಗೆ ಯಾವಾಗ ಹೇಳೋರಿದ್ರಿ?"

"ನೀನು ಮನೇಲಿದ್ದಾಗ. ನೀನು ಎಚ್ಚರ ಇದ್ದಾಗ. ಎರಡೂ ಒಟ್ಟಿಗೆ ಸಿಗ್ಬೇಕಲ್ಲ."

ನಾದಿನಿ ಕರವಸ್ತ್ರ ಮಡಿಸುತ್ತ ಹೇಳಿದಳು, "ಬುಕ್ ಮಾಡುವಾಗ ಒಂದು ಫಾರ್ಮ್ ಇತ್ತು ಅತ್ತಿಗೆ. ಮಗುವಿನ ಸಂತೋಷದ ಸುದ್ದಿ ಏನು ಅಂತ ಕೇಳಿದ್ರು. ಬರೆದೆ. ಓದ್ಬಿಡ್ತಾನೆ ಅಂತ ಗೊತ್ತಿರ್ಲಿಲ್ಲ."

"ಓದೋದಕ್ಕಲ್ದೆ ಇನ್ನೇನಕ್ಕೆ ಬರೆಸ್ಕೊಳ್ತಾರೆ?"

"ಕೋಳಿ ತಣ್ಣಗಾಗ್ತಿದೆ," ಎಂದ ಟೈರ್ ಅಂಗಡಿಯವನು, ಯಾರಿಗೂ ಅಲ್ಲ.

"ಅವಳು ನನ್ನ ಮಗಳು."

"ಅಲ್ಲ ಅಂದೋರು ಯಾರು?" ನಾದಿನಿಯ ದನಿ ಮೊದಲ ಸಲ ನಡುಗಿತು. "ಹೋದ ತಿಂಗಳು ಜ್ವರ ಬಂದಾಗ ಬೆಳಗಿನವರೆಗೂ ಒದ್ದೆ ಬಟ್ಟೆ ಹಾಕಿದ್ದು ಯಾರು? ನೀವೆಲ್ಲಿದ್ರಿ?"

"ಆಪರೇಷನ್ ಥಿಯೇಟರಲ್ಲಿ. ಒಬ್ರಿಗೆ ಕರುಳು ತೂತಾಗಿತ್ತು."

"ಹಾಂ. ಯಾರದೋ ಕರುಳು."

ಅತ್ತೆ ಅಲ್ಲಿಯವರೆಗೆ ಬ್ರೆಡ್ಡಿನ ಅಂಚು ಹರಿದು ಹರಿದು ತಟ್ಟೆಯಲ್ಲಿ ಗುಡ್ಡೆ ಮಾಡುತ್ತಿದ್ದರು. ಈಗ ಸೊಸೆಯ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನೀನೇ ಹೇಳಿದ್ದಲ್ವಾ? ಅಡುಗೆಮನೇಲಿ. ಯಾರಾದ್ರೂ ಇವಳನ್ನ ಕರ್ಕೊಂಡು ಹೋದ್ರೆ ಕಣ್ತುಂಬ ನಿದ್ದೆ ಮಾಡ್ತೀನಿ ಅಂತ. ನಾನೇನು ಕಿವುಡಿ ಅಲ್ಲ."

"ಒಂದು ವಾರ ಕರ್ಕೊಂಡು ಹೋದ್ರೆ ಅಂದಿದ್ದೆ."

"ವಾರ ಅನ್ನೋದು ನಂಗೆ ಕೇಳಿಸ್ಲಿಲ್ಲ." ಅತ್ತೆ ಸ್ವಲ್ಪ ಬಾಗಿದರು. "ಹೋಗ್ಲಿ ಬಿಡು. ಈಗ ಅವನು ಹೇಳಿದಾಗ ನಿನ್ನ ಮುಖ ನೋಡ್ದೆ. ಆಮೇಲೆ ಬಂತಲ್ಲ ಕೋಪ, ಅದು ಯಾರಿಗಾದ್ರೂ ಬರತ್ತೆ. ಅದಕ್ಕೂ ಮೊದಲು ಒಂದು ಬಂತಲ್ಲ, ಅದನ್ನ ನೋಡ್ದೆ."

ದಿನಕ್ಕೆ ಹತ್ತು ಮುಖಗಳನ್ನು, ಅವು ನಿದ್ದೆಗೆ ಜಾರಿ ತಮ್ಮ ಹಿಡಿತ ಬಿಡುವ ಗಳಿಗೆಯಲ್ಲಿ, ಹತ್ತಿರದಿಂದ ನೋಡುವವಳು ಅವಳು. ತನ್ನದನ್ನೂ ಯಾರಾದರೂ ಹಾಗೆ ನೋಡಬಹುದು ಎಂದು ಹೊಳೆದಿರಲಿಲ್ಲ. ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದಕ್ಕೆ ಚುಕ್ಕಿಯ ಕಡೆ ತಿರುಗಿದಳು.

ಕುರ್ಚಿ ಖಾಲಿಯಾಗಿತ್ತು.

ಮೇಜಿನ ಕೆಳಗೆ ನೋಡಿದರು. ಮರದ ಹಿಂದೆ ನೋಡಿದರು. ಗಂಡ ಶೌಚಾಲಯದ ಕಡೆ ಓಡಿದ. ನಾದಿನಿ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಹೆಸರು ಕೂಗುತ್ತ ಆಟಗಳ ಕಡೆ ಹೋದಳು. ಅತ್ತೆ ಎದೆಯ ಮೇಲೆ ಕೈಯಿಟ್ಟು ಕೂತಲ್ಲೇ ಉಳಿದರು. ಬ್ಯಾಗುಗಳಿಗೆ ಯಾರಾದರೂ ಬೇಕಲ್ಲ ಎಂದು ಟೈರ್ ಅಂಗಡಿಯವನೂ ಉಳಿದ.

ಅವಳು ಗೇಟಿನ ದಾರಿ ಹಿಡಿದಳು.

ಹೊರಗೆ ಇನ್ನೂ ಬೆಳಕಿತ್ತು. ಕಂಬದ ಮೇಲಿನ ಯಂತ್ರವೊಂದು ಸೋಪಿನ ನೊರೆಯನ್ನು ಹಿಮದಂತೆ ಉಗುಳುತ್ತಿತ್ತು. ಮಕ್ಕಳು ಅದರ ಕೆಳಗೆ ಕೈ ಚಾಚಿ ಕುಣಿಯುತ್ತಿದ್ದರು. ಒಬ್ಬ ಮುದುಕ ಉದ್ದ ಪೊರಕೆಯಿಂದ ಬಿದ್ದ ನೊರೆಯನ್ನು ಚರಂಡಿಗೆ ತಳ್ಳುತ್ತಿದ್ದ. ಅವಳು ಎರಡು ಜಡೆಯ ಹುಡುಗಿಯೊಬ್ಬಳ ಭುಜ ಹಿಡಿದು ತಿರುಗಿಸಿದಳು. ಬೇರೆ ಮುಖ. ಐಸ್‌ಕ್ರೀಮ್ ಸಾಲಿನಲ್ಲಿ ಇನ್ನೊಬ್ಬಳನ್ನು ತಿರುಗಿಸಿದಳು. ಅದೂ ಬೇರೆ. ಆ ಮಗುವಿನ ತಂದೆ, "ಏನ್ರೀ?" ಎಂದ. ಹಿಂದಿನಿಂದ ನೋಡಿದರೆ ಅಲ್ಲಿದ್ದ ಯಾವ ಮಗುವಾದರೂ ಅವಳದಾಗಬಹುದಿತ್ತು.

ಎರಡನೇ ಗೇಟಿನ ಪಕ್ಕದಲ್ಲಿ ತಪ್ಪಿಸಿಕೊಂಡ ಮಕ್ಕಳ ಕೌಂಟರು. ಒಳಗೆ ತಲೆಗೆ ಜಿಂಕೆಯ ಕೊಂಬು ಸಿಕ್ಕಿಸಿಕೊಂಡ ಹುಡುಗಿ, ಮುಂದೆ ಮೈಕು. ಹುಡುಗಿ ಹಾಳೆಯೊಂದನ್ನು ಎಳೆದುಕೊಂಡಳು.

"ಹೆಸರು?"

"ಚುಕ್ಕಿ. ಏಳು ವರ್ಷ. ಇಪ್ಪತ್ತೊಂದು ಕೆಜಿ."

"ತೂಕ ಬೇಡ ಮೇಡಂ. ಯಾವ ಬಣ್ಣದ ಬಟ್ಟೆ?"

ಬೆಳಗ್ಗೆ ಮಗಳಿಗೆ ಬಟ್ಟೆ ಹಾಕಿದ್ದು ನಾದಿನಿ. ಆದರೆ ಅರ್ಧ ಗಂಟೆ ಮಗಳು ಎದುರಿಗೇ ಕೂತಿದ್ದಳು.

"ಫ್ರಾಕಾ? ಪ್ಯಾಂಟಾ?"

"ಮೇಲಿನ ಸಾಲಲ್ಲಿ ಎಡಗಡೆಯ ಮುಂದಿನ ಹಲ್ಲಿಲ್ಲ," ಎಂದಳು ಅವಳು. "ಪಕ್ಕದ್ದು ಅಲ್ಲಾಡತ್ತೆ. ಪೆನಿಸಿಲಿನ್ ಆಗಲ್ಲ. ರಕ್ತದ ಗುಂಪು—"

"ಮೇಡಂ, ಬಟ್ಟೆ."

"ಕೆಂಪಿರಬೇಕು."

ಹುಡುಗಿ ಕಿಟಕಿಯಾಚೆ ನೋಡಿದಳು. ಅಲ್ಲಿದ್ದ ಮಕ್ಕಳಲ್ಲಿ ಅರ್ಧ ಕೆಂಪು ಬಟ್ಟೆಯವರು.

"ಫೋನಲ್ಲಿ ಇವತ್ತಿನ ಫೋಟೋ ಏನಾದ್ರೂ?"

"ನನ್ನ ಫೋನಲ್ಲಿಲ್ಲ."

"ಮನೆಯವರಿಗೆ ಫೋನ್ ಮಾಡಿ ಕೇಳಿ ಹಾಗಾದ್ರೆ."

ಗಂಡನಿಗೆ ಮಾಡಿದಳು. ಬೇರೆ ಕರೆಯಲ್ಲಿದ್ದ. ನಾದಿನಿಗೆ ಮಾಡಿದಳು. ಅವಳೂ ಬೇರೆ ಕರೆಯಲ್ಲಿದ್ದಳು. ಒಂದು ನಿಮಿಷ ಬಿಟ್ಟು ಇಬ್ಬರಿಗೂ ಮತ್ತೆ ಮಾಡಿದಳು. ಇಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು. ಮಗು ಸಿಕ್ಕಿರಬಹುದು. ಸಿಕ್ಕದೆಯೂ ಇರಬಹುದು.

ಹುಡುಗಿ ಪೆನ್ನಿನಿಂದ ಕೊಂಬು ಸರಿಮಾಡಿಕೊಂಡಳು. ಅವಳ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಬೆಳಗಿನಿಂದ ಇದೇ ಕೆಲಸ.

"ಹಾಗಾದ್ರೆ ಉಲ್ಟಾ ಮಾಡೋಣ. ನಿಮ್ಮ ಗುರುತೇ ಹೇಳ್ತೀನಿ. ನಿಮ್ಮವರು ಕೇಳಿಸ್ಕೊಂಡು ಇಲ್ಲಿಗೇ ಬರ್ತಾರೆ. ಅಲ್ಲಿವರೆಗೂ ಅಲ್ಲಿ ಕೂತ್ಕೊಳ್ಳಿ."

ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳು, ಮೊಣಕಾಲೆತ್ತರದವು. ಒಂದರಲ್ಲಿ ಮೂಗು ಸೋರುತ್ತಿದ್ದ ಪುಟ್ಟ ಹೆಣ್ಣುಮಗುವೊಂದು ಕೂತಿತ್ತು. ಅವಳು ಪಕ್ಕದ್ದರಲ್ಲಿ ಕೂತಳು. ಮೊಣಕಾಲು ಗದ್ದಕ್ಕೆ ಬಂತು. ಹುಡುಗಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನ ನೋಡಿ, ಹಾಳೆಯಲ್ಲಿ ಬರೆದುಕೊಂಡು, ಮೈಕಿನ ಗುಂಡಿ ಒತ್ತಿದಳು. ಸಂಗೀತ ಬಂತು. ಆಮೇಲೆ ಪಾರ್ಕಿನ ಎಲ್ಲ ಕಂಬಗಳಿಂದ ಒಂದೇ ಸಲ ಅವಳ ದನಿ, ನಗುನಗುತ್ತ:

"ದಯವಿಟ್ಟು ಗಮನಿಸಿ. ಬೂದು ಕೋಟು, ಕಪ್ಪು ಪ್ಯಾಂಟು, ಸುಮಾರು ನಲವತ್ತು ವರ್ಷದ ತಾಯಿಯೊಬ್ಬರು ಎರಡನೇ ಗೇಟಿನ ಬಳಿ ಸಿಕ್ಕಿದ್ದಾರೆ. ಚುಕ್ಕಿ ಎಂಬ ಮಗುವಿನ ಮನೆಯವರು ಕೂಡಲೇ ಬಂದು ಇವರನ್ನು ಕರೆದುಕೊಂಡು ಹೋಗಬೇಕು."

ಕಿಟಕಿಯಾಚೆ ನಡೆಯುತ್ತಿದ್ದವರು ನಿಂತು ಕೇಳಿದರು. ತಮ್ಮ ತಮ್ಮ ಮಕ್ಕಳ ಕೈ ಮುಟ್ಟಿ ನೋಡಿಕೊಂಡು ಮುಂದೆ ಹೋದರು.

ಪಕ್ಕದ ಕುರ್ಚಿಯ ಮಗುವಿನ ತಾಯಿ ಬಂದಳು. ಅಳುತ್ತ, ಬೈಯುತ್ತ, ಮಗುವನ್ನು ಬಾಚಿ ಎತ್ತಿಕೊಂಡು ಹೋದಳು. ಹುಡುಗಿ ಎರಡನೇ ಸಲ ಹೇಳಿದಳು. ಮೂರನೇ ಸಲ ಹೇಳಿದಳು. ಆಮೇಲೆ ಮೈಕು ಆರಿಸಿ, ಡ್ರಾಯರಿನಿಂದ ಪಟ್ಟೆ ಪಟ್ಟೆ ಕಾಗದದ ಪೆಪ್ಪರಮಿಂಟೊಂದನ್ನು ತೆಗೆದು, ಅಲ್ಲಿಗೆ ಬಂದವರಿಗೆಲ್ಲ ಕೊಡುವ ಹಾಗೆ ಕೊಟ್ಟಳು.

"ಹೆದರ್ಬೇಡಿ. ಬರ್ತಾರೆ."

ಅವಳು ಕಾಗದ ಬಿಚ್ಚಿ ಪೆಪ್ಪರಮಿಂಟನ್ನು ಬಾಯಿಗಿಟ್ಟುಕೊಂಡಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಳು.